ಫ್ರಾನೆಕರಿನ ಶ್ರುತಿ

ಉತ್ರೆಖ್ಟ್, 14 ಮಾರ್ಚ್ 1983

ಪ್ರೀತಿಯ ಹಾರ್ಮೆನ್ ಮೇಷ್ಟ್ರಿಗೆ,

ಪುಸ್ತಕ ಅಚ್ಚಾಗಿ ಬಂತು. ಮೊದಲ ಪ್ರತಿ ನಿಮಗೇ. ಅಮ್ಮನಿಗೂ ಇನ್ನೂ ಕೊಟ್ಟಿಲ್ಲ, ಆಕೆಗೆ ಹೇಳಬೇಡಿ.

ನಿಮಗೆ ಓದಲು ಬೇಸರವಾದರೆ ಸಾರಾಂಶ ಇಷ್ಟೇ. ಇನ್ನೂರೈವತ್ತು ವರ್ಷದ ಹಿಂದೆ ಎಲ್ಲ ಕಡೆ ಶ್ರುತಿ ಈಗಿನದಕ್ಕಿಂತ ಅರ್ಧ ಸ್ವರ ಕೆಳಗಿತ್ತು ಎಂದು ಎಲ್ಲರೂ ನಂಬಿದ್ದಾರೆ. ಹಳೆಯ ಸಂಗೀತ ನುಡಿಸುವವರೆಲ್ಲ ಈಗ ತಂತಿ ಇಳಿಸಿಕೊಂಡೇ ಕೂರುತ್ತಾರೆ. ನಮ್ಮ ಫ್ರಾನೆಕರ್ ಊರಿನಲ್ಲಿ ಮಾತ್ರ ಹಾಗಿರಲಿಲ್ಲ, ಅಲ್ಲಿ ಈಗಿನಷ್ಟೇ ಎತ್ತರದ ಶ್ರುತಿ ಇತ್ತು ಎಂದು ನಾನು ಬರೆದಿದ್ದೇನೆ. ಸಾಕ್ಷಿ ಒಂದೇ, ಆದರೆ ಗಟ್ಟಿ ಸಾಕ್ಷಿ: ಬೌಕ್ಯೆ ಅಜ್ಜಿಯ ಮನೆಯ ಕೊಳಲು. 1734ರಲ್ಲಿ ಅದೇ ಊರಿನಲ್ಲಿ ಕಡೆದದ್ದು, ಒಂದೇ ಮನೆತನದಲ್ಲಿ ಉಳಿದದ್ದು, ಎಲ್ಲೂ ಮುರಿಯದ್ದು, ಯಾರೂ ಕತ್ತರಿಸದ್ದು. ಅಜ್ಜಿ ತೀರಿಕೊಂಡ ಮೇಲೆ ಮ್ಯೂಸಿಯಮ್ಮಿಗೆ ಬಂದಾಗ ನಾನೇ ಅಳತೆ ತೆಗೆದೆ.

1952ರಲ್ಲಿ ನೀವು ಅದನ್ನು ರೇಡಿಯೊದಲ್ಲಿ ನುಡಿಸಿದಾಗ ನನಗೆ ಹನ್ನೊಂದು ವರ್ಷ. ಅಡಿಗೆಮನೆಯ ಮೇಜಿನ ಕೆಳಗೆ ಕೂತು ಕೇಳಿದೆ. ಆ ಹನ್ನೊಂದು ನಿಮಿಷಗಳಿಂದಲೇ ನಾನು ಈ ದಾರಿಗೆ ಬಂದೆ. ಮುನ್ನುಡಿಯಲ್ಲಿ ಹಾಗೆಯೇ ಬರೆದಿದ್ದೇನೆ, ನಾಚಿಕೊಳ್ಳಬೇಡಿ.

ಜೂನಿನಲ್ಲಿ ಫ್ರಾನೆಕರಿನಲ್ಲೇ ಕಛೇರಿ. ಅಲ್ಲಿನ ಮೇಯರನ ಮಗಳ ಮದುವೆಗೆಂದು 1736ರಲ್ಲಿ ಕಟ್ಟಿದ ಹಾಡುಗಳನ್ನು ಆ ಶ್ರುತಿಯಲ್ಲೇ ಹಾಡಿಸುತ್ತೇನೆ. ನೀವು ಬರಲೇಬೇಕು.

ನಿಮ್ಮ ಶಿಷ್ಯೆ,
ಹಿಸ್ಕೆ


ಹಾರ್ಲಿಂಗೆನ್, 2 ಏಪ್ರಿಲ್ 1983

ಹಿಸ್ಕೆ,

ಪುಸ್ತಕ ಬಂತು. ಚೆನ್ನಾಗಿ ಕಟ್ಟಿದ್ದಾರೆ. ಸೀತ್ಸ್ಕೆ ಅದಕ್ಕೆ ಕಾಗದದ ಹೊದಿಕೆ ಹಾಕಿ ಬೀರುವಿನಲ್ಲಿಟ್ಟಿದ್ದಾಳೆ. ಅವಳಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾರಳು, ಹಾಗಾಗಿ ಗಂಡ ಹೆಂಡತಿ ಇಬ್ಬರ ಹಾಸಿಗೆಯನ್ನೂ ಕೆಳಗೇ ತಂದಿದ್ದೇವೆ.

ಮುನ್ನುಡಿಯಲ್ಲಿ ನನ್ನ ಹೆಸರು ಬೇಕಿರಲಿಲ್ಲ. ಎರಡನೆಯ ಮುದ್ರಣವಾದರೆ ತೆಗೆದುಬಿಡು.

ಕೊಳಲಿನ ಬಗ್ಗೆ ನನಗೇನೂ ಹೆಚ್ಚು ಗೊತ್ತಿಲ್ಲ. ಒಂದೇ ಸಲ ನುಡಿಸಿದ್ದು. ಹಳೆಯ ಮರ ಒಣಗುತ್ತದೆ, ಕುಗ್ಗುತ್ತದೆ. ಒಂದೇ ಕೊಳಲನ್ನು ನಂಬಿ ಒಂದು ಊರಿನ ಶ್ರುತಿ ಹೇಳುವುದು ಸರಿಯೇ ಎಂದು ಒಮ್ಮೆ ಯೋಚಿಸು. ನಾನು ಓದಿದವನಲ್ಲ, ತಪ್ಪಿದ್ದರೆ ಬಿಡು.

ಜೂನಿನಲ್ಲಿ ಸೀತ್ಸ್ಕೆಯ ಕಾಲು ಹೇಗಿರುತ್ತದೋ ನೋಡೋಣ.

ಹಾರ್ಮೆನ್


ಉತ್ರೆಖ್ಟ್, 20 ಮೇ 1983

ಪ್ರೀತಿಯ ಮೇಷ್ಟ್ರೇ,

ನಿಮ್ಮ ವಿನಯ ನನಗೆ ಗೊತ್ತಿರುವುದೇ. ಒಣಗಿದ ಮರದ ಲೆಕ್ಕ ಹಾಕಿದ್ದೇನೆ. ಅದು ಕೂದಲೆಳೆಯಷ್ಟು ಕುಗ್ಗುತ್ತದೆ, ಅರ್ಧ ಸ್ವರದಷ್ಟಲ್ಲ.

ಇವತ್ತು ಬೇರೆ ವಿಷಯ. ನನ್ನ ತಂಡದಲ್ಲಿ ನಿಂಕೆ ಎಂಬ ಹುಡುಗಿ ಇದ್ದಾಳೆ, ಬೋಲ್ಸ್ವಾರ್ಡ್ ಕಡೆಯವಳು, ಇಪ್ಪತ್ತಾರು ವರ್ಷ. ಮದುವೆ ಹಾಡಿನ ಮುಖ್ಯ ಭಾಗ ಅವಳದು. ಮೊನ್ನೆ ಅಭ್ಯಾಸದ ನಡುವೆ ಹಾಳೆ ಮಡಚಿ ನಿಂತುಬಿಟ್ಟಳು.

"ಈ ಶ್ರುತಿ ಸುಳ್ಳು, ಮೇಡಂ," ಅಂದಳು.

"ಯಾಕಮ್ಮಾ?"

"ಇಲ್ಲಿ 'ಬಾ' ಅನ್ನೋ ಮಾತನ್ನ ಮೇಲಿನ ಸ್ವರದಲ್ಲಿ ಹಿಡಿದು ನಿಲ್ಲಿಸಬೇಕು. ಬರೆದವನು ಪಕ್ಕದಲ್ಲಿ 'ಮೆಲ್ಲಗೆ' ಅಂತ ಬರೆದಿದಾನೆ. ಮದುಮಗಳು ಗಂಡನ್ನ ಮೆಲ್ಲಗೆ ಕರೀತಾಳೆ. ನೀವು ಹೇಳೋ ಶ್ರುತಿಲಿ ಕಿರುಚಬೇಕಾಗುತ್ತೆ. ಅರ್ಧ ಸ್ವರ ಇಳಿಸಿ, ತಾನಾಗೇ ಬರುತ್ತೆ. ಹಾಡೋರನ್ನ ಎದುರಿಗೆ ಕೂರಿಸಿಕೊಂಡು ಬರೆದಿದಾನೆ ಅವನು, ನನ್ನ ಗಂಟಲಿಗೆ ಗೊತ್ತಾಗುತ್ತೆ."

ನನಗೆ ಸಿಟ್ಟು ಬಂತು. "ಇನ್ನೂರೈವತ್ತು ವರ್ಷದ ಕೊಳಲು ಸುಳ್ಳು ಹೇಳುತ್ತೋ, ನಿನ್ನ ಗಂಟಲು ಸುಳ್ಳು ಹೇಳುತ್ತೋ? ಆಗಲ್ಲ ಅಂದ್ರೆ ಆಗಲ್ಲ ಅನ್ನು, ಇತಿಹಾಸ ಹೇಳಬೇಡ," ಅಂದೆ. ಎಲ್ಲರೂ ನಕ್ಕರು. ಅವಳು ಕಿವಿಯವರೆಗೆ ಕೆಂಪಾದಳು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಈಗ ಇನ್ನಿಬ್ಬರು ಅವಳ ಜೊತೆ ಗುಸುಗುಸು ಶುರು ಮಾಡಿದ್ದಾರೆ.

ನನಗೊಂದು ಉಪಕಾರ ಮಾಡಿ. ಮೂವತ್ತು ವರ್ಷದ ಹಿಂದೆ ಕೊಳಲನ್ನು ಕೈಯಲ್ಲಿ ಹಿಡಿದವರು ನೀವೊಬ್ಬರೇ. ಆಗ ಅದು ಹೇಗಿತ್ತು ಎಂದು ಎರಡು ಸಾಲು ಬರೆದು ಕೊಡಿ. ತಂಡಕ್ಕೆ ಓದಿ ಹೇಳುತ್ತೇನೆ, ಮಾತು ಮುಗಿಯುತ್ತದೆ.

ಹಿಸ್ಕೆ


ಹಾರ್ಲಿಂಗೆನ್, 30 ಮೇ 1983

ಹಿಸ್ಕೆ,

ನೀನು ಕೇಳಿದ ಸಾಲುಗಳು:

"1952ರ ವಸಂತದಲ್ಲಿ ಬೌಕ್ಯೆ ಅವರು ಕೊಳಲನ್ನು ನನ್ನ ಕೈಗೆ ಕೊಟ್ಟಾಗ ಅದು ಎಲ್ಲ ರೀತಿಯಿಂದಲೂ ಸುಸ್ಥಿತಿಯಲ್ಲಿತ್ತು. ಅದರ ಯಾವ ತುಂಡೂ ಮುರಿದಿರಲಿಲ್ಲ, ಬದಲಾಗಿರಲಿಲ್ಲ. — ಹಾರ್ಮೆನ್ ಟೋಲ್ಸ್ಮಾ, ಕೊಳಲು ವಾದಕ."

ಆ ಹುಡುಗಿಯ ಮೇಲೆ ತೀರಾ ಗಡಸಾಗಬೇಡ.

ಹಾರ್ಮೆನ್


ಉತ್ರೆಖ್ಟ್, 27 ಜೂನ್ 1983

ಮೇಷ್ಟ್ರೇ,

ನೀವು ಬಂದಿದ್ದಿರಿ. ಮೂರನೆಯ ಸಾಲಿನಲ್ಲಿ ನೋಡಿದೆ. ಮುಗಿಯುವ ಮೊದಲೇ ಎದ್ದು ಹೋದದ್ದನ್ನೂ ನೋಡಿದೆ. ನಿಮ್ಮ ಶಿಷ್ಯೆಯ ಕಛೇರಿಯಲ್ಲಿ ಇಂಥ ಹಾಡುಗಾರಿಕೆ ಕೇಳಬೇಕಾಯಿತಲ್ಲ ಎಂದು ನಾಚಿಕೆಯಾಗಿರಬೇಕು. ನಿಮ್ಮನ್ನು ದೂರುವುದಿಲ್ಲ.

ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ನಿಂಕೆಯ ದನಿ ಆ 'ಬಾ' ಮೇಲೆ ಒಡೆಯಿತು. ಒಮ್ಮೆಯಲ್ಲ, ಮೂರು ಸಲ ಬರುವ ಕಡೆ ಮೂರು ಸಲವೂ. ಮೂರನೆಯ ಸಲ ಹಿಂದಿನ ಸಾಲಿನಿಂದ ಯಾರೋ ನಕ್ಕರು. ಅವಳು ಕೊನೆಯವರೆಗೂ ನಿಂತು ಹಾಡಿದಳು, ಅದನ್ನು ಒಪ್ಪಬೇಕು. ಆಮೇಲೆ ನನ್ನ ಹತ್ತಿರ ಬಂದು, "ನಿಮ್ಮ ಮೇಷ್ಟ್ರ ಕಾಗದ ಓದಿದ ಮೇಲೆ ನಾನೂ ನಂಬಿದೆ ಮೇಡಂ. ನನ್ನ ಗಂಟಲೇ ಸರಿಯಿಲ್ಲ ಅಂತ ಅಂದ್ಕೊಂಡೆ. ಹಾಗಂದ್ಕೊಂಡೇ ಹಾಡಿದ್ದಕ್ಕೆ ಹೀಗಾಯ್ತು," ಅಂದಳು. ಹಾಳೆಗಳನ್ನು ಕುರ್ಚಿಯ ಮೇಲಿಟ್ಟು ಹೋದಳು. ತಂಡ ಬಿಟ್ಟಿದ್ದಾಳೆ. ಹಾಡುವುದನ್ನೇ ಬಿಟ್ಟಳು ಎಂದು ಕೇಳಿದೆ.

ಬೇರೆಯವರು ಸಿಗುತ್ತಾರೆ. ಗಟ್ಟಿ ಗಂಟಲಿನವರು.

ಹಿಸ್ಕೆ


ಹಾರ್ಲಿಂಗೆನ್, 9 ನವೆಂಬರ್ 1983

ಹಿಸ್ಕೆ,

ನಿನ್ನ ನಾಲ್ಕು ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಬರೆದೆ, ಹರಿದೆ. ಇದನ್ನು ಬರೆದ ಕೂಡಲೇ ಸೀತ್ಸ್ಕೆಯ ಕೈಗೆ ಕೊಡುತ್ತೇನೆ, ಅವಳೇ ಅಂಚೆಗೆ ಹಾಕಲಿ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ.

ಕೊಳಲನ್ನು ಕತ್ತರಿಸಿದವನು ನಾನು.

ರೇಡಿಯೊದವರು ಹಳೆಯ ಕೊಳಲಿನಲ್ಲಿ ಒಂದು ಕೃತಿ ಬೇಕು ಎಂದಿದ್ದರು. ಆಗ ಅದು ಹೊಸ ಶೋಕಿ. ಬೌಕ್ಯೆ ಅಮ್ಮ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಕೊಳಲನ್ನು ತೆಗೆದುಕೊಟ್ಟರು. ಊದಿದೆ. ಅಂಥ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆದರೆ ಮೊದಲ ಅಭ್ಯಾಸದಲ್ಲೇ ತಂತಿಯವರೆಲ್ಲ ಕಿವಿ ಮುಚ್ಚಿಕೊಂಡರು. ಕೊಳಲು ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗಿತ್ತು. ನಿರ್ದೇಶಕರು, "ಹದಿನಾಲ್ಕು ಜನ ನಿಮಗೋಸ್ಕರ ಕೆಳಗಿಳೀಬೇಕೇನ್ರೀ? ನೀವೇ ಮೇಲೆ ಬನ್ನಿ. ಇಲ್ಲಾಂದ್ರೆ ಬೆಳ್ಳಿ ಕೊಳಲು ತಂದು ಬೇರೆ ಯಾರಾದ್ರೂ ನುಡಿಸ್ತಾರೆ," ಅಂದರು.

ಈಗಿನ ಶ್ರುತಿಯ ಬೆಳ್ಳಿ ಕೊಳಲು ನನ್ನ ಹತ್ತಿರವೂ ಇತ್ತು. ಅದನ್ನೇ ನುಡಿಸಬಹುದಿತ್ತು. ಆದರೆ ಹಳೆಯ ಕೊಳಲಿನ ವಾದಕ ಎಂದು ನನ್ನ ಹೆಸರು ಆಗಲೇ ಪತ್ರಿಕೆಯಲ್ಲಿ ಬಂದಿತ್ತು.

ಭಾವಮೈದನ ಮನೆಯ ಹಿಂದೆ ಕುರ್ಚಿಯ ಕಾಲು ಕಡೆಯುವ ಲೇತ್ ಇತ್ತು. ಭಾನುವಾರ ಬೆಳಿಗ್ಗೆ ಎಲ್ಲರೂ ಚರ್ಚಿಗೆ ಹೋದಾಗ ಹೊಟ್ಟೆನೋವೆಂದು ಉಳಿದುಕೊಂಡೆ. ಕೊಳಲು ಗಿಡ್ಡವಾದಷ್ಟೂ ಶ್ರುತಿ ಏರುತ್ತದಲ್ಲ, ನಡುವಿನ ತುಂಡಿನ ಮೇಲ್ತುದಿಯನ್ನು ಸಣ್ಣ ಗರಗಸದಿಂದ ಕತ್ತರಿಸಿದೆ. ಊದಿ ನೋಡಿದೆ, ಸಾಲದು. ಮತ್ತೆ ಕತ್ತರಿಸಿದೆ. ಮತ್ತೆ ಊದಿದೆ. ಕಿಟಕಿಯಿಂದ ಚರ್ಚಿನ ಹಾಡು ಕೇಳುತ್ತಿತ್ತು, ಅದರ ಶ್ರುತಿಗೇ ಹೊಂದಿಸಿದೆ. ಉಳಿದ ತುಂಡಿನ ತುದಿಯನ್ನು ಲೇತಿನಲ್ಲಿ ಕಡೆದು, ಮೇಲಿನ ತುಂಡಿಗೆ ಸಿಕ್ಕಿಸಲು ಹೊಸ ಕೂಡುಭಾಗ ಮಾಡಿದೆ, ಒಳಗೂ ಸ್ವಲ್ಪ ಕೊರೆದೆ, ತೂತುಗಳನ್ನು ಚಾಕುವಿನಿಂದ ತಿದ್ದಿದೆ. ಉಪ್ಪುಕಾಗದ ಉಜ್ಜಿ, ಗಟ್ಟಿ ಚಹಾದಲ್ಲಿ ಅದ್ದಿದ ಬಟ್ಟೆಯಿಂದ ಬಣ್ಣ ಹಚ್ಚಿದೆ. ಕತ್ತರಿಸಿದ ಚೂರುಗಳನ್ನು ಒಲೆಗೆ ಹಾಕಿದೆ. ಅದಕ್ಕೆ ಒಂದು ಥರದ ಸಿಹಿ ವಾಸನೆ ಬಂತು. ಚರ್ಚಿನಿಂದ ಬಂದ ಅತ್ತಿಗೆ, "ಏನು ಬೇಯಿಸಿದೆ?" ಎಂದು ಕೇಳಿದಳು.

ನೀನು ಮೇಜಿನ ಕೆಳಗೆ ಕೂತು ಕೇಳಿದ ಹನ್ನೊಂದು ನಿಮಿಷ ಅದೇ.

ವಾಪಸು ಕೊಡಲು ಹೋದಾಗ ಬೌಕ್ಯೆ ಅಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡರು. ಅವರಿಗೆ ಕಣ್ಣು ಮಂಜಾಗಿತ್ತು. "ಯಾಕೋ ಹಗುರ ಆಗಿದೆಯಲ್ಲಪ್ಪಾ?" ಅಂದರು.

"ಒಣಗಿದೆ ಅಮ್ಮಾ," ಅಂದೆ.

"ನಿನ್ನ ಉಸಿರಿಗೆ ಒಣಗಿದೆ ಬಿಡು. ಸುಮ್ಮನೆ ಬಿದ್ದಿರೋದಕ್ಕಿಂತ ಮೇಲು," ಎಂದು ಬಟಾಣಿ ಸಾರು ಬಡಿಸಿದರು. ನಾನು ಎರಡು ಬಟ್ಟಲು ಕುಡಿದೆ.

ನಿನಗೆ ಬರೆದುಕೊಟ್ಟ ಸಾಲುಗಳಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅವರು ಕೈಗೆ ಕೊಟ್ಟಾಗ ಕೊಳಲು ಸುಸ್ಥಿತಿಯಲ್ಲೇ ಇತ್ತು. ಮೂರು ದಿನ ಕೂತು ಆ ವಾಕ್ಯ ಹೊಸೆದೆ. ಕೊಳಲು ಕತ್ತರಿಸಿದಾಗ ನನಗೆ ಮೂವತ್ತನಾಲ್ಕು ವರ್ಷ, ಆಸೆಯಿತ್ತು. ಆ ವಾಕ್ಯ ಹೊಸೆದಾಗ ಅರವತ್ತೈದು.

ಕಛೇರಿಯಲ್ಲಿ ಆ ಹುಡುಗಿಯ ದನಿ ಒಡೆದಾಗ ನನಗೆ ಅವಳ ಬಗ್ಗೆ ನಾಚಿಕೆಯಾಗಲಿಲ್ಲ.

ಹಾರ್ಮೆನ್


ಉತ್ರೆಖ್ಟ್, 15 ನವೆಂಬರ್ 1983

ಶ್ರೀ ಟೋಲ್ಸ್ಮಾ ಅವರಿಗೆ,

ಕಾಗದ ತಲುಪಿತು. ಇಷ್ಟು ವರ್ಷದ ಮೇಲೆ ನೆನಪು ಮೋಸ ಮಾಡುವುದು ಸಹಜ. ನೀವು ಬೇರೆ ಯಾವುದೋ ಕೊಳಲಿನ ವಿಷಯ ಹೇಳುತ್ತಿರಬಹುದು. ಹೇಗಿದ್ದರೂ ನಿಮ್ಮ ಹತ್ತಿರ ಪುರಾವೆ ಇಲ್ಲ.

ಪುಸ್ತಕ ಮೂರು ದೇಶಗಳಲ್ಲಿ ಪಾಠವಾಗಿದೆ. ಜರ್ಮನಿಯ ಇಬ್ಬರು ಕೊಳಲು ತಯಾರಕರು ಅದೇ ಅಳತೆಯಲ್ಲಿ ಕೊಳಲು ಮಾಡುತ್ತಿದ್ದಾರೆ. ದಯವಿಟ್ಟು ಈ ಮಾತನ್ನು ಯಾರಿಗೂ ಹೇಳಬೇಡಿ, ಬರೆಯಬೇಡಿ. ನನಗೂ ಬರೆಯಬೇಡಿ.

ಹಿಸ್ಕೆ ವೀಲಿಂಗಾ


ಹಾರ್ಲಿಂಗೆನ್, 22 ನವೆಂಬರ್ 1983

ಹಿಸ್ಕೆ,

ನೀನು ಬರೆಯಬೇಡವೆಂದೆ. ಇದೊಂದು ಮಾತ್ರ.

ಒಬ್ಬರಿಗೆ ಹೇಳಿ ಆಗಿದೆ. ನಿನಗೆ ಕಾಗದ ಹಾಕಿದ ಮಾರನೆಯ ದಿನವೇ ಬೋಲ್ಸ್ವಾರ್ಡಿಗೆ ಬಸ್ಸು ಹತ್ತಿದೆ. ನಿಂಕೆ ಅಕ್ಕನ ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನನ್ನ ಹೆಸರು ಹೇಳಿದಾಗ ತಟ್ಟನೆ ಕೈ ಒರೆಸಿಕೊಂಡು, "ನಿಮ್ಮ ಶಿಷ್ಯೆ ಕಛೇರಿಗೆ ಅವಮಾನ ಮಾಡಿದೆ ಅಲ್ವಾ ಸಾರ್," ಅಂದಳು. ಅವಳೇ ಕ್ಷಮೆ ಕೇಳಿದಳು ನನ್ನನ್ನು! ಹಿಟ್ಟಿನ ಮೂಟೆ ಮೇಲೆ ಕೂತು ಎಲ್ಲ ಹೇಳಿದೆ.

ಅವಳು ಕೂಗಾಡಲಿಲ್ಲ. "ಅಂದ್ರೆ ನನ್ನ ಗಂಟಲು ಸರಿಯಾಗೇ ಇತ್ತು," ಅಂದಳು.

"ಇತ್ತು ತಾಯಿ."

"ಐದು ತಿಂಗಳಿಂದ ಸ್ನಾನ ಮಾಡುವಾಗಲೂ ಹಾಡಿಲ್ಲ ನಾನು. ಈಗ ಹೋಗಿ ಸಾರ್. ಗಿರಾಕಿಗಳು ನೋಡ್ತಿದಾರೆ."

ಹೋದೆ.

ಹಾರ್ಮೆನ್


ಉತ್ರೆಖ್ಟ್, 19 ಫೆಬ್ರವರಿ 1984

ಮೇಷ್ಟ್ರೇ,

ನಿಮಗೆ ಹಾಗೆ ಬರೆದ ಕೈ ಇದೇ. ಈಗ ಕ್ಷಮಿಸಿ ಎಂದು ಬರೆಯಲು ಮೂರು ತಿಂಗಳು ಬೇಕಾಯಿತು.

ಪುರಾವೆ ಇಲ್ಲವೆಂದೆ. ಪುರಾವೆ ಇತ್ತು, ನನ್ನ ಮೇಜಿನ ಖಾನೆಯಲ್ಲೇ ಇತ್ತು. ಅಳತೆ ತೆಗೆದ ದಿನ ಸಣ್ಣ ದೀಪ ಬಿಟ್ಟು ಕೊಳಲಿನ ಒಳಗೆ ನೋಡಿದ್ದೆ. ಕೂಡುಭಾಗದ ಹತ್ತಿರ ಮರ ತಿಳಿಬಣ್ಣದ್ದು, ಅದರ ಮೇಲೆ ಹೊಸ ಲೇತಿನ ಉಂಗುರಗೆರೆಗಳು. ಫೋಟೊ ತೆಗೆದೆ. ಪುಸ್ತಕದಲ್ಲಿ ಹನ್ನೆರಡು ಫೋಟೊ ಇವೆ, ಇದು ಹದಿಮೂರನೆಯದು. ಅಚ್ಚಿಗೆ ಕೊಡುವಾಗ 'ಇದು ಸ್ಪಷ್ಟವಿಲ್ಲ' ಎಂದು ನನಗೆ ನಾನೇ ಹೇಳಿಕೊಂಡೆ. ಸ್ಪಷ್ಟವಾಗಿಯೇ ಇತ್ತು. ನಮ್ಮ ಊರು ಬೇರೆ ಊರುಗಳಂತಲ್ಲ ಎಂದು ಹೇಳುವ ಆಸೆ ಇತ್ತಲ್ಲ, ಅದಕ್ಕೆ ಆ ಗೆರೆಗಳು ಬೇಡವಾಗಿದ್ದವು. ಅನುಮಾನವಿತ್ತು ಎಂದೇ ನಿಮ್ಮಿಂದ ಆ ಎರಡು ಸಾಲು ಬರೆಸಿಕೊಂಡೆ. ನಿಮ್ಮ ಕೈಗೆ ಬಂದಾಗ ಹೇಗಿತ್ತು ಎಂದು ಮಾತ್ರ ಕೇಳಿದೆ. ಕೈ ಬಿಟ್ಟಾಗ ಹೇಗಿತ್ತು ಎಂದು ಕೇಳಲಿಲ್ಲ.

ಸಂಗೀತ ಪತ್ರಿಕೆಗೆ ಬರೆದು ಕೊಟ್ಟಿದ್ದೇನೆ. ಪುಸ್ತಕ ಹಿಂತೆಗೆದುಕೊಳ್ಳುತ್ತಿದ್ದೇನೆ, ಫೋಟೊ ಅಚ್ಚಾಗುತ್ತದೆ. ನಿಮ್ಮ ಹೆಸರು ಹಾಕಿಲ್ಲ. 'ಯಾರದೋ ಕೈ' ಎಂದಷ್ಟೇ ಇದೆ.

ಬೋಲ್ಸ್ವಾರ್ಡಿಗೂ ಹೋಗಿದ್ದೆ. ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ ನಿಂಕೆ ಬೇರೆಯವರನ್ನು ಕೇಳಿದ ಹಾಗೇ, "ಏನ್ ಕೊಡ್ಲಿ?" ಅಂದಳು.

"ಕ್ಷಮೆ ಕೇಳೋಕೆ ಬಂದೆ."

"ಅದು ಇಲ್ಲಿ ಸಿಗಲ್ಲ. ಸಕ್ಕರೆ ಬ್ರೆಡ್ ಇದೆ."

ಒಂದು ಕಟ್ಟಿಸಿಕೊಂಡೆ. ಕೈಗೆ ಕೊಡುವಾಗ ಮೆಲ್ಲಗೆ, "ಹದಿನೆಂಟು ಜನರ ಮುಂದೆ ಬೈದ್ರಿ. ಅದೇ ಹದಿನೆಂಟು ಜನರ ಮುಂದೆ ಹೇಳಿ. ಹಿಟ್ಟಿನ ಮುಂದೆ ಹೇಳಿದ್ರೆ ಯಾರಿಗೆ ಕೇಳುತ್ತೆ?" ಅಂದಳು.

ಹಿಸ್ಕೆ


ಹಾರ್ಲಿಂಗೆನ್, 1 ಮಾರ್ಚ್ 1984

ಹಿಸ್ಕೆ,

ಹೆಸರು ಹಾಕು. 'ಯಾರದೋ ಕೈ' ಎಂದರೆ ಬೌಕ್ಯೆ ಅಮ್ಮನ ಮನೆಯವರ ಮೇಲೆ ಅನುಮಾನ ಬರುತ್ತದೆ. ಪತ್ರಿಕೆಯಲ್ಲೂ ಹಾಕು, ಮ್ಯೂಸಿಯಮ್ಮಿನ ಚೀಟಿಯಲ್ಲೂ ಹಾಕಿಸು. ಸೀತ್ಸ್ಕೆಗೆ ಮೊನ್ನೆ ಹೇಳಿದೆ. ನವೆಂಬರಿನಲ್ಲಿ ಕಾಗದ ಅಂಚೆಗೆ ಹಾಕಿದವಳು ಅವಳೇ, ಒಳಗೇನಿದೆ ಎಂದು ಕೇಳಿರಲಿಲ್ಲ. ಈಗ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಪೂರ್ತಿ ಹೆಸರು ಹಾಕಿಸು. ಹಾರ್ಲಿಂಗೆನ್‌ನಲ್ಲಿ ಇನ್ನೂ ಇಬ್ಬರು ಟೋಲ್ಸ್ಮಾ ಇದಾರೆ," ಅಂದಳು.

ಹಾರ್ಮೆನ್


ಉತ್ರೆಖ್ಟ್, 7 ಮೇ 1984

ಮೇಷ್ಟ್ರೇ,

ನಿನ್ನೆ ತಂಡದ ಮುಂದೆ ಎಲ್ಲ ಓದಿದೆ. ನಿಮ್ಮ ಹೆಸರನ್ನೂ, ನನ್ನ ಹದಿಮೂರನೆಯ ಫೋಟೊವನ್ನೂ. ನಡುವೆ ಒಮ್ಮೆ ನಿಲ್ಲಿಸಿ ನೀರು ಕುಡಿದೆ. ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರೂ ತಮ್ಮ ತಮ್ಮ ಹಾಳೆ ನೋಡುತ್ತಿದ್ದರು. ನಾನು ಕರೆದಿದ್ದೆ, ನಿಂಕೆ ಬಂದಿದ್ದಳು. ಬಾಗಿಲ ಹತ್ತಿರ ಕೋಟು ಹಾಕಿಕೊಂಡೇ ನಿಂತು ಕೇಳಿದಳು.

ಮುಗಿದ ಮೇಲೆ, "ತಂತಿ ಇಳಿಸಿ," ಅಂದಳು.

ಎಲ್ಲ ತಂತಿ ಅರ್ಧ ಸ್ವರ ಇಳಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಒಬ್ಬರೂ ಗೊಣಗಲಿಲ್ಲ. ಆಮೇಲೆ ಅವಳು ಆ ಒಂದು ಭಾಗ ಹಾಡಿದಳು. 'ಬಾ' ಎಂಬುದು ಪಕ್ಕದ ಕೋಣೆಯಿಂದ ಮನೆಯವರು ಕರೆದ ಹಾಗೆ ಬಂತು. ಅಷ್ಟು ಮೆಲ್ಲಗೆ. ಕಳೆದ ವರ್ಷ ನಾನು ಅವಳಿಂದ ಕಿರುಚಿಸಿದ ಮಾತು ಅದು.

"ಇನ್ನೊಂದ್ಸಲ?" ಎಂದು ಪಿಟೀಲಿನವನು ಕೇಳಿದ.

"ಬೇಡ. ನಂಗೆ ಗೊತ್ತಾಗ್ಬೇಕಿತ್ತು, ಗೊತ್ತಾಯ್ತು," ಅಂದಳು. ಹೋಗುವಾಗ ನನಗೆ ತಲೆಯಾಡಿಸಿದಳು, ಕೈ ಕುಲುಕಲಿಲ್ಲ. ಗ್ರೋನಿಂಗೆನ್ನಿನಲ್ಲಿ ಬೇರೆ ತಂಡ ಸೇರಿದ್ದಾಳಂತೆ. ನನ್ನಲ್ಲಿಗೆ ಬರುವುದಿಲ್ಲ, ನಾನು ಕೇಳಲೂ ಇಲ್ಲ.

ಹಿಸ್ಕೆ


ಹಾರ್ಲಿಂಗೆನ್, 18 ಜೂನ್ 1984

ಪ್ರೀತಿಯ ಹಿಸ್ಕೆ,

ಸೀತ್ಸ್ಕೆಯ ಕಾಲು ಸುಧಾರಿಸಿದೆ. ನಿನ್ನೆ ಇಬ್ಬರೂ ಮ್ಯೂಸಿಯಮ್ಮಿಗೆ ಹೋಗಿದ್ದೆವು. ಹೊಸ ಚೀಟಿ ಹಾಕಿದ್ದಾರೆ: 'ನಡುವಿನ ತುಂಡನ್ನು 1952ರಲ್ಲಿ ಹಾರ್ಲಿಂಗೆನ್‌ನ ಕೊಳಲು ವಾದಕ ಹಾರ್ಮೆನ್ ಟೋಲ್ಸ್ಮಾ ಕತ್ತರಿಸಿದ್ದಾರೆ. ಮೂಲ ಶ್ರುತಿ ನಿಖರವಾಗಿ ತಿಳಿಯದು.'

ನಾವು ಬಹಳ ಹೊತ್ತು ನಿಂತದ್ದು ನೋಡಿ ಅಲ್ಲಿನ ಕಾವಲಿನ ಹೆಂಗಸು ಹತ್ತಿರ ಬಂದರು. "ಓದಿದ್ರಾ? ಮನುಷ್ಯ ಇನ್ನೂ ಬದುಕಿದಾನಂತೆ. ಎಂಥೋನಿರಬಹುದು ಅಂತೀರಿ?"

ಸೀತ್ಸ್ಕೆ, "ಊಟಕ್ಕೆ ಸರಿಯಾದ ಹೊತ್ತಿಗೆ ಬರ್ತಾನೆ. ಮಿಕ್ಕಿದ್ದು ನಂಗೂ ಈ ವರ್ಷವೇ ಗೊತ್ತಾಗಿದ್ದು," ಎಂದು ನನ್ನ ಕಡೆ ತೋರಿಸಿದಳು.

ಆಕೆ ಕೆಂಪಾದರು. ನಾನೂ. ಆಮೇಲೆ ಆಕೆಗೆ ಏನೋ ಹೊಳೆಯಿತು. ಓಡಿಹೋಗಿ ಅಳತೆಪಟ್ಟಿ, ಪೆನ್ಸಿಲ್, ಕಾಗದ ತಂದರು. "ನೀವೇ ಸಿಕ್ಕಿದೀರಲ್ಲ! ಎಷ್ಟುದ್ದ ಕತ್ತರಿಸಿದ್ರಿ, ಬೆರಳಲ್ಲಿ ತೋರಿಸಿ. ಮೂಲ ಶ್ರುತಿ ಇಷ್ಟು ಅಂತ ಬರೆದುಬಿಡಬಹುದು. ಪಾಪ, ಆ ಹಿಸ್ಕೆ ಮೇಡಂಗೂ ಅನುಕೂಲ."

ಹೆಬ್ಬೆರಳು ತೋರುಬೆರಳು ಅಗಲಿಸಿ ಹಿಡಿದೆ. ಇಪ್ಪತ್ತಾರು ಮಿಲಿಮೀಟರ್. ಕಣ್ಣು ಮುಚ್ಚಿ ಆ ಭಾನುವಾರವನ್ನು ನೆನೆದು ಮತ್ತೊಮ್ಮೆ ಹಿಡಿದೆ. ಇಪ್ಪತ್ತೆರಡು. "ಅವಸರ ಇಲ್ಲ, ನಿಧಾನವಾಗಿ," ಅಂದರು ಆಕೆ. ಮೂರನೆಯ ಸಲ ಮೂವತ್ತಾಯಿತು. ನಾಲ್ಕನೆಯ ಸಲ ಬೆರಳು ಅಗಲಿಸಲು ಹೋದೆ. ಸೀತ್ಸ್ಕೆ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಆಕೆ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು.

ಹಾರ್ಮೆನ್